ಗೆರೆ ದಾಟಿದ ಎಣ್ಣೆ

ಹೆಂಡತಿಗೆ ಒಂಬತ್ತು ತಿಂಗಳು ತುಂಬುತ್ತಿದ್ದಾಗಲೇ ನಮ್ಮ ಹಳೇ ಕಾರು ಏರು ಹತ್ತುವುದನ್ನು ಬಿಟ್ಟಿತು. ಮನೆ ವಿಕ್ರೋಳಿಯಲ್ಲಿ, ಹೆರಿಗೆಗೆ ಹೆಸರು ಬರೆಸಿದ ಆಸ್ಪತ್ರೆ ನಗರದ ಇನ್ನೊಂದು ಬದಿಯ ಜೋಗೇಶ್ವರಿಯಲ್ಲಿ. ಕೊನೆಯ ತಪಾಸಣೆಗೆ ಹೋಗುವಾಗ ಫ್ಲೈಓವರ್ ಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ತೆವಳಿತು. ಹಿಂದಿನವರ ಹಾರ್ನಿಗೆ ಬೆವೆತುಹೋದೆ. "ಟ್ರಾಫಿಕ್ ಜಾಸ್ತಿ" ಎಂದೆ. ಮುಂದಿನ ರಸ್ತೆ ಖಾಲಿಯಿತ್ತು. ಅವಳು ಒಮ್ಮೆ ರಸ್ತೆ ನೋಡಿ, ಒಮ್ಮೆ ನನ್ನನ್ನು ನೋಡಿದಳು.

ಮರುದಿನ ಹೋಟೆಲಿಗೆ ರಜೆ ಹಾಕಿ ಜೋಗೇಶ್ವರಿಯ ಮೆಕ್ಯಾನಿಕ್ ಹತ್ತಿರ ಹೋದೆ. ವಿಜಯಪುರ ಕಡೆಯ ಹಿರಿಯರು, ಎಲ್ಲರಿಗೂ ಚಾಚಾ. ಇಂಜಿನ್ ಚಾಲೂ ಮಾಡಿಸಿ, ಸೈಲೆನ್ಸರ್ ಹಿಂದೆ ಅಂಗೈ ಹಿಡಿದರು.

"ಉಸಿರು ಹೊರಗ ಬರವಲ್ದು, ಅಣ್ಣಾರ."

ಆಮೇಲೆ ಇಂಜಿನ್ ಪಕ್ಕದ ಹೊಗೆ ಪೈಪಿನಿಂದ ಒಂದು ಸೆನ್ಸರ್ ಬಿಚ್ಚಿ, ಗಾಡಿ ಓಡಿಸಲು ಹೇಳಿದರು. ಕಿವಿ ಗಡಚಿಕ್ಕುವ ಸದ್ದಿನೊಂದಿಗೆ ಅದು ಜಿಗಿದು ಓಡಿತು. ಹೊಗೆಗೆ ಬೇರೆ ದಾರಿ ಸಿಕ್ಕಿತ್ತಲ್ಲ.

"ಕನ್ವರ್ಟರ್ ಕಟ್ಟೇತಿ" ಎಂದರು. ಹೊಗೆ ಶುದ್ಧ ಮಾಡುವ ಆ ಡಬ್ಬಿಯೊಳಗಿನ ಸಣ್ಣ ಜಾಲರಿಯ ಕಣ್ಣುಗಳು ಮುಚ್ಚಿದ್ದವಂತೆ. ಯಾಕೆಂದು ನೋಡಲು ಇಂಜಿನ್ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್, ಎಳೆದರು. ಎಣ್ಣೆ ಮೇಲಿನ ಗೆರೆ ದಾಟಿ ಎರಡು ಬೆರಳು ಹತ್ತಿತ್ತು.

"ಎಣ್ಣಿ ಯಾರ್ ಹಾಕ್ಯಾರ?"

"ನಾನೇ ಚಾಚಾ. ಪ್ರತಿ ಭಾನುವಾರ."

"ಗೆರಿ ನೋಡ್ಲಿಲ್ಲೇನ್ರಿ?"

ನೋಡಿದ್ದೆ. ಆದರೆ ಇಪ್ಪತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವನ ಕೈ ಇದು. ಎಣ್ಣೆ ಕಡಿಮೆಯಾದರೆ ತಳ ಹಿಡಿಯುತ್ತದೆ, ಜಾಸ್ತಿಯಾದರೆ ಏನೂ ಕೆಡುವುದಿಲ್ಲ, ಇಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಅವಳು ಬಸುರಿ ಎಂದು ತಿಳಿದ ಮೇಲೆ ಇನ್ನೂ ಧಾರಾಳವಾಗಿ ಸುರಿದಿದ್ದೆ. ಆ ಹೆಚ್ಚಿನ ಎಣ್ಣೆಯೇ ಉರಿದು ಜಾಲರಿ ಕಟ್ಟಿಸಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು. ಹೊಸ ಡಬ್ಬಿ ಬರಲು ನಾಲ್ಕು ದಿನ ಬೇಕೆಂದರು. ಮಗು ನಾಲ್ಕು ದಿನ ಕಾಯುತ್ತದೆಯೇ ಎಂದು ಯಾರನ್ನು ಕೇಳುವುದು?

ಕಾರು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳಿಗೆ ಹೇಗೆ ಹೇಳುವುದೆಂದೇ ಯೋಚನೆ. ಮನೆಯಲ್ಲಿ ಅವಳು ಹಳೇ ಸೀರೆ ಹರಿದು ಮಗುವಿಗೆ ಬಟ್ಟೆ ಮಡಚುತ್ತಿದ್ದಳು. ಎಲ್ಲ ಹೇಳಿಬಿಟ್ಟೆ.

"ಫ್ಲೈಓವರಲ್ಲೇ ಗೊತ್ತಾಯ್ತು ನಂಗೆ" ಎಂದಳು. "ನಿನ್ನೇನೇ ಕೆಳಗಿನ ರಿಕ್ಷಾದವರ ನಂಬರ್ ತಗೊಂಡಿದ್ದೇನೆ. ಯಾವಾಗ ಕರೆದ್ರೂ ಬರ್ತಾರಂತೆ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ನೀವು ಮೊದ್ಲೇ ಹೆದರಿದ್ರಿ. ಅದಕ್ಕೆ ನನ್ನ ಹೆದರಿಕೇನೂ ಯಾಕೆ ಸೇರಿಸ್ಲಿ ಅಂತ."

ಆಗ ಗಮನಿಸಿದೆ. ಒಂದೇ ತುಂಡನ್ನು ಅವಳು ಮೂರನೇ ಸಲ ಮಡಚುತ್ತಿದ್ದಳು.