ನಳಿಗೆ ಬಿಟ್ಟು ಉಳಿದದ್ದೆಲ್ಲ

ಕಾರಿನ ಸೀಟುಗಳ ತೂಕ ಇಳಿಸುವುದು ನನ್ನ ಉದ್ಯೋಗ. ಚೌಕಟ್ಟಿನಲ್ಲಿ ಎಲ್ಲಿ ತೂತು ಕೊರೆದರೆ ಬಲ ಕುಂದುವುದಿಲ್ಲ, ಯಾವ ಬೋಲ್ಟನ್ನು ಅಲ್ಯೂಮಿನಿಯಮ್ಮಿನದು ಮಾಡಬಹುದು ಎಂದು ಹತ್ತೊಂಬತ್ತು ವರ್ಷದಿಂದ ನೋಡುತ್ತಾ ಬಂದಿದ್ದೇನೆ. ಕಾರು ಕಂಪನಿಗಳೇ ತುಂಬಿದ ನಮ್ಮ ಊರು ನೋವೈನಲ್ಲಿ ಇದನ್ನು ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ದೇವಸ್ಥಾನದ ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತವರು ಬ್ರೇಕಿನವರು, ಹಿಂದೆ ನಿಂತವರು ಬ್ಯಾಟರಿಯವರು. ಆದರೆ ಹೋದ ವರ್ಷ ಮನೆಯಲ್ಲಿ ನಾನು ಇಳಿಸಲು ಕೂತದ್ದು ಬಂದೂಕಿನ ತೂಕ. ಅದನ್ನು ಆ ಸಾಲಿನಲ್ಲಿ ಯಾರಿಗೂ ಹೇಳಲಿಲ್ಲ.

ಬಂದೂಕು ಮಗಳದು. ಕಾಗದದಲ್ಲಿ ಅವಳಪ್ಪನದು, ಏಕೆಂದರೆ ಅವಳಿಗಿನ್ನೂ ಹದಿನಾರು. ಕಾರ್ಬೈನ್ ಅನ್ನುತ್ತಾರೆ, ಗಿಡ್ಡ ರೈಫಲ್. ಆಟ ಇಷ್ಟೇ: ಐದು ಕಬ್ಬಿಣದ ತಟ್ಟೆಗಳು ಬೇರೆ ಬೇರೆ ದೂರದಲ್ಲಿ ನಿಂತಿರುತ್ತವೆ, ಬೀಪ್ ಅಂದ ತಕ್ಷಣ ಐದಕ್ಕೂ ಒಂದರ ಹಿಂದೊಂದು ಗುಂಡು ಹೊಡೆಯಬೇಕು. ಒಂದು ತಟ್ಟೆಯಿಂದ ಇನ್ನೊಂದಕ್ಕೆ ಬಂದೂಕಿನ ಮೂತಿ ತಿರುಗಿಸುವ ಚುರುಕಿನಲ್ಲೇ ಸೋಲು ಗೆಲುವು. ಗೆಳತಿಯ ಜೊತೆ ಒಂದು ಶನಿವಾರ ಕ್ಲಬ್ಬಿಗೆ ಹೋದವಳು ಕಣ್ಣರಳಿಸಿಕೊಂಡು ಬಂದಳು. ಭರತನಾಟ್ಯದಿಂದ ಆ ಕಣ್ಣಲ್ಲಿ ಅವಳು ಒಂದು ದಿನವೂ ಮನೆಗೆ ಬಂದಿರಲಿಲ್ಲ.

ನನಗೆ ಭಯ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಈ ದೇಶದಲ್ಲಿ ಶಾಲೆಗೆ ಹೋಗುವ ಮಗುವಿನ ತಾಯಿಗೆ ಬಂದೂಕು ಅಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅದೇ ವಸ್ತು ನೆಲಮಾಳಿಗೆಯ ತಿಜೋರಿಯಲ್ಲಿ ಬಂದು ಕೂತ ಮೇಲೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗಾಯಿತು. ತಿಜೋರಿಯ ಕೀಲಿಕೈಯ ಜಾಗವನ್ನು ವಾರಕ್ಕೊಮ್ಮೆ ಬದಲಾಯಿಸುತ್ತಿದ್ದೆ. ಒಮ್ಮೆ ಮೆಂತ್ಯದ ಡಬ್ಬಿಯಲ್ಲಿಟ್ಟು ನಾನೇ ಮರೆತು ಎರಡು ದಿನ ಹುಡುಕಿದೆ.

ಗಂಡ ಪಕ್ಕದ ಊರು ಆನ್ ಆರ್ಬರಿನಲ್ಲಿ ಡಾಕ್ಟರು, ಬಾಗಲಕೋಟೆ ಕಡೆಯವರು, ಯಾವುದಕ್ಕೂ ಗಾಬರಿಯಾಗದ ಜೀವ. "ಅಕಿ ನನಗಿಂತ ಹುಷಾರದಾಳ. ನೀ ಸುಮ್ನ ಯಾಕ ಚಿಂತಿ ಮಾಡ್ತಿ?" ಅನ್ನುತ್ತಿದ್ದರು. ಗಾಬರಿಯಾಗದ ಗಂಡನಿದ್ದರೆ ಮನೆಯ ಗಾಬರಿಯೆಲ್ಲ ಹೆಂಡತಿಯ ಪಾಲಿಗೇ ಬರುತ್ತದೆ.

ಮಾರ್ಚಿನಲ್ಲಿ ಮಗಳು ಅದನ್ನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಒಳಗೆ ಗುಂಡಿಲ್ಲ ಎಂದು ತೋರಿಸುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೂರನ್ನು ಅದರಲ್ಲಿ ಸಿಕ್ಕಿಸಿದ್ದಳು. "ಅಮ್ಮಾ, ಇಟ್ಸ್ ಟೂ ಹೆವಿ," ಅಂದಳು. ಮೊದಲ ಸುತ್ತುಗಳಲ್ಲಿ ಚೆನ್ನಾಗಿ ಹೊಡೆಯುತ್ತಾಳಂತೆ, ಕೊನೆಕೊನೆಗೆ ತೋಳು ಸೋತು ಮೂತಿ ತಟ್ಟೆಯನ್ನು ದಾಟಿ ಹೋಗುತ್ತದಂತೆ. ಸೆಪ್ಟೆಂಬರಿನಲ್ಲಿ ರಾಜ್ಯಮಟ್ಟದ ಪಂದ್ಯ, ಕಿರಿಯರಲ್ಲಿ ಮೊದಲ ನಾಲ್ವರು ತಂಡಕ್ಕೆ ಆಯ್ಕೆ. ಇವಳು ಉತ್ತರ ಕೊಡುವುದು ಇಂಗ್ಲಿಷಿನಲ್ಲೇ, ಇಲ್ಲಿ ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ: "ನೀನು ದಿನಾ ಮಾಡೋದು ಇದೇ ಕೆಲಸ ತಾನೇ? ನನಗೋಸ್ಕರ ಒಂದು ಸಲ ಮಾಡು."

ಹತ್ತು ನಿಮಿಷದಲ್ಲಿ ನನಗೆ ತಿಳಿಯಿತು. ತೂಕವೆಲ್ಲ ನಳಿಗೆಯಲ್ಲಿತ್ತು. ಒನಕೆಯಂಥ ದಪ್ಪ ಉಕ್ಕಿನ ನಳಿಗೆ. ಅದರ ಬದಲು ತೆಳು ಉಕ್ಕಿನ ಕೊಳವೆಗೆ ಅಲ್ಯೂಮಿನಿಯಮ್ ಹೊದಿಸಿದ ನಳಿಗೆಗಳು ಸಿಗುತ್ತವೆ. ಅದೊಂದನ್ನು ಬದಲಾಯಿಸಿದರೆ ಎರಡು ಪೌಂಡಿಗೆ ಹತ್ತಿರ ಇಳಿಯುತ್ತಿತ್ತು, ಅದೂ ಸರಿಯಾಗಿ ಮುಂತುದಿಯಲ್ಲಿ. ಅಷ್ಟು ಹತ್ತಿರದ ತಟ್ಟೆಗಳಿಗೆ ಗುರಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬರುತ್ತಿರಲಿಲ್ಲ.

ಹೇಳಲಿಲ್ಲ. ಬೇಡ ಎಂದು ನಾನು ಬಾಯಿಬಿಟ್ಟರೆ ಅವಳ ಹಟ ಇಮ್ಮಡಿಯಾಗುತ್ತದೆ. ತೋಳು ನೋಯಲಿ, ತಾನಾಗಿಯೇ ಬೇಸತ್ತು ಬಿಡಲಿ, ಅಷ್ಟರಲ್ಲಿ ಕಾಲೇಜಿನ ಅರ್ಜಿಗಳು ಬರುತ್ತವೆ ಎಂದು ಲೆಕ್ಕ ಹಾಕಿದೆ. ಆ ಭಾರದ ನಳಿಗೆಯೊಂದೇ ಮನೆಯಲ್ಲಿ ನನ್ನ ಪಕ್ಷದಲ್ಲಿತ್ತು.

ನಮ್ಮ ಆಫೀಸಿನಲ್ಲಿ ಒಂದು ಹಳೆಯ ಉಪಾಯವಿದೆ. ತೂಕದ ಮೀಟಿಂಗಿನಲ್ಲಿ ನಿಮಗೆ ಯಾವುದೋ ಒಂದು ದೊಡ್ಡ ಭಾಗವನ್ನು ಮುಟ್ಟಲು ಇಷ್ಟವಿಲ್ಲದಿದ್ದರೆ, ನಲವತ್ತು ಸಣ್ಣ ಸಣ್ಣ ಸಾಲುಗಳ ಪಟ್ಟಿ ಹಿಡಿದುಕೊಂಡು ಹೋಗಬೇಕು. ಈ ಸ್ಕ್ರೂ ನಾಲ್ಕು ಗ್ರಾಂ, ಆ ಕ್ಲಿಪ್ಪು ಎರಡು ಗ್ರಾಂ. ಹನ್ನೆರಡನೆಯ ಸಾಲಿಗೆ ಮೇಲಿನವರ ಕಣ್ಣು ಸೋಲುತ್ತದೆ, ಬಹಳ ಶ್ರಮಪಟ್ಟಿದ್ದೀರಿ ಎಂದು ಮುಗಿಸುತ್ತಾರೆ. ಅದನ್ನೇ ನಾನು ಮಗಳ ಮೇಲೆ ಪ್ರಯೋಗಿಸಿದೆ. ಹೆಗಲಿಗೆ ತೂಗಿಸುವ ಬೆಲ್ಟಿನ ಕೊಕ್ಕೆಗಳನ್ನು ತೆಗೆದೆ, ಸ್ಕ್ರೂಗಳನ್ನು ಬದಲಾಯಿಸಿದೆ, ಮರದ ಹಿಡಿಯನ್ನು ಒಳಗಿನಿಂದ ಕೊರೆದೆ, ಹೆಗಲಿಗೆ ಒತ್ತುವ ರಬ್ಬರನ್ನು ಕೆತ್ತಿ ತೆಳುವಾಗಿಸಿದೆ. ಇಪ್ಪತ್ತಮೂರು ಸಾಲುಗಳ ಹಾಳೆ, ಎಲ್ಲ ಸೇರಿ ಏಳು ಔನ್ಸ್, ಅರ್ಧ ಪೌಂಡೂ ಇಲ್ಲ. ಕೊನೆಯಲ್ಲಿ ಬರೆದೆ: ನಳಿಗೆ ಮುಟ್ಟಬಾರದು, ಗುರಿ ಕೆಡುತ್ತದೆ. ಅವಳು ಇಪ್ಪತ್ತಮೂರೂ ಸಾಲನ್ನು ಓದಿ ನನ್ನ ಕುತ್ತಿಗೆಗೆ ಕೈ ಹಾಕಿ ಅಪ್ಪಿಕೊಂಡಳು. ನನ್ನ ಮೇಲಿನವರು ಯಾರೂ ಹಾಗೆ ಮಾಡಿರಲಿಲ್ಲ, ಹಾಗಾಗಿ ಆ ಉಪಾಯ ಇಷ್ಟು ಚುಚ್ಚುತ್ತದೆಂದು ನನಗೆ ಗೊತ್ತಿರಲಿಲ್ಲ.

ಬೇಸಿಗೆಯಿಡೀ ಅವಳು ಹಾಲಿನ ಕ್ಯಾನುಗಳಿಗೆ ನೀರು ತುಂಬಿ ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿ ನಿಲ್ಲುತ್ತಿದ್ದಳು. ಮೇಲೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನನಗೆ ಅವಳು ನೆಲಮಾಳಿಗೆಯಲ್ಲಿ ಎಣಿಸುವುದು ಕೇಳುತ್ತಿತ್ತು. ನಲವತ್ತು, ಐವತ್ತು, ಅರವತ್ತು. "ತಗಿಯೂದೆಲ್ಲಾ ತಗದಿ, ಹೌದಿಲ್ಲೊ?" ಎಂದು ಒಂದು ದಿನ ಗಂಡ ಸುಮ್ಮನೆ ಕೇಳಿದರು. "ತೆಗೆದಿದೀನಿ ಅಂತ ಎಷ್ಟ್ ಸಲ ಹೇಳ್ಬೇಕು?" ಎಂದು ಹರಿಹಾಯ್ದೆ. ಅವರು ಕೇಳಿದ್ದು ಅದೇ ಮೊದಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ನನ್ನಂಥವರಿಗೇ.

ಪಂದ್ಯ ಲ್ಯಾನ್ಸಿಂಗ್‌ನಿಂದಾಚೆಗಿನ ಒಂದು ಕ್ಲಬ್ಬಿನಲ್ಲಿ. ಅವಳನ್ನು ನಾನೇ ಕರೆದುಕೊಂಡು ಹೋದೆ. ಬೆಳಿಗ್ಗೆ ಬಂದೂಕುಗಳನ್ನು ಪರೀಕ್ಷಿಸುವ ಮುದುಕರೊಬ್ಬರು ಇವಳದನ್ನು ಎತ್ತಿ, ಕೈಯಲ್ಲೇ ತೂಗಿ, ನಳಿಗೆಯ ಮೇಲೆ ಬೆರಳಾಡಿಸಿ ಬಾಯಿ ತೆರೆದರು; ನಳಿಗೆ ಬದಲಾಯಿಸಿ ಎಂದುಬಿಡುತ್ತಾರೆ ಅನಿಸಿತು ನನಗೆ. ಮಧ್ಯೆ ನುಗ್ಗಿ ಚಕ್ಕುಲಿಯ ಡಬ್ಬಿ ಚಾಚಿದೆ. ಅವರು ಒಂದನ್ನು ತೆಗೆದುಕೊಂಡು ಇದೇನೆಂದು ಕೇಳಿದರು, ನಾನು ಅಕ್ಕಿಹಿಟ್ಟಿನಿಂದ ಶುರು ಮಾಡಿ ಎಲ್ಲ ವಿವರಿಸಿದೆ. ಮಗಳು ನಾಚಿಕೆಯಿಂದ ದೂರ ಹೋಗಿ ನಿಂತಳು.

ಮಧ್ಯಾಹ್ನದ ತನಕ ಅವಳು ಮೂರನೆಯ ಸ್ಥಾನದಲ್ಲಿದ್ದಳು. ಕಿವಿಗೆ ಮುಚ್ಚಳ ಹಾಕಿಕೊಂಡು ಹಗ್ಗದ ಹಿಂದೆ ಕೂತಿದ್ದ ನಾನು ಬೆಳಿಗ್ಗೆಯಿಂದ ಯಾರಿಗೂ ಏನೂ ಆಗದಿರಲಿ ಎಂದು ಬೇಡಿಕೊಳ್ಳುತ್ತಿದ್ದವಳು, ಯಾವಾಗಲೋ ಅವಳು ಗೆಲ್ಲಲಿ ಎಂದು ಬೇಡಲು ಶುರು ಮಾಡಿದ್ದೆ. ಕೊನೆಯ ಎರಡು ಸುತ್ತುಗಳಲ್ಲಿ ಅವಳ ಮೊಣಕೈ ನಡುಗುವುದು ನನಗೆ ಕೂತಲ್ಲಿಂದಲೇ ಕಂಡಿತು. ಮೂತಿ ತಟ್ಟೆ ದಾಟಿ ಹೋಯಿತು, ತಿರುಗಿ ಬಂತು, ಮತ್ತೆ ದಾಟಿತು. ಆರನೆಯವಳಾದಳು.

ಕಾರಿನಲ್ಲಿ ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳುತ್ತಿದ್ದೆ. ಇಪ್ಪತ್ತು ಮೈಲಿಯಾದ ಮೇಲೆ, "ಮಾರಿಬಿಡೋಣ ಅಮ್ಮಾ," ಅಂದಳು. "ನೀನು ಮಾಡೋದೆಲ್ಲ ಮಾಡಿದೆ. ಸ್ಕ್ರೂ ಕೂಡ ಬಿಡಲಿಲ್ಲ. ನನ್ನ ತೋಳಿಗೇ ಶಕ್ತಿ ಇಲ್ಲ. ಐ ಆಮ್ ಜಸ್ಟ್ ವೀಕ್."

ಮಾರ್ಚಿನಿಂದ ನಾನು ಕಾದಿದ್ದದ್ದು ಇದೇ ಮಾತಿಗೆ. ಹೂಂ ಅಂದಿದ್ದರೆ ಸಾಕಿತ್ತು. ತಿಜೋರಿ ಖಾಲಿಯಾಗುತ್ತಿತ್ತು, ನನಗೆ ನಿದ್ದೆ ಬರುತ್ತಿತ್ತು. ಆದರೆ ಹದಿನಾರರ ಹುಡುಗಿ ತಾನು ದುರ್ಬಲಳು ಎಂದು ನಂಬಿಕೊಂಡು ಪಕ್ಕದಲ್ಲಿ ಕೂತಿದ್ದಳು, ನಂಬಿಸಿದವಳು ನಾನು. ಅವಳ ಕೈಗೆ ಬಂದೂಕು ಬಂದ ದಿನ ಆದದ್ದಕ್ಕಿಂತ ಹೆಚ್ಚು ಭಯ ನನಗೆ ಆ ಕ್ಷಣ ಆಯಿತು.

"ತೋಳಲ್ಲ ಪುಟ್ಟಾ," ಅಂದೆ. "ಬ್ಯಾರಲ್ಲು. ಅದನ್ನ ಬದಲಾಯಿಸಬಹುದಿತ್ತು. ಎರಡು ಪೌಂಡ್ ಕಮ್ಮಿ ಆಗ್ತಿತ್ತು."

"ಗುರಿ ಕೆಡುತ್ತೆ ಅಂದಿದ್ದೆ."

"ಕೆಡಲ್ಲ. ಸುಳ್ಳು ಹೇಳಿದ್ದೆ. ನೀನು ಬಿಟ್ಬಿಡ್ಲಿ ಅಂತ."

ಅವಳು ತನ್ನ ತೋಳನ್ನು ತಾನೇ ಒತ್ತಿ ನೋಡಿಕೊಂಡಳು. ಆಮೇಲೆ ಶಾಂತವಾಗಿ ಕೇಳಿದಳು, "ಇದೇ ಥರ ಇನ್ನೇನು ಹೇಳಿದೀಯ?"

ಏನಿಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿರುವ ನನ್ನ ತಂಗಿಯ ಮನೆಯಲ್ಲಿದ್ದುಕೊಂಡು ಅವಳು ಎರಡು ವಾರ ಹೋಗಬೇಕೆಂದಿದ್ದ ಗಣಿತದ ಶಿಬಿರ ನೆನಪಾಯಿತು.

"ಶಿಕಾಗೋ ಕ್ಯಾಂಪಲ್ಲಿ ಸೀಟು ತುಂಬಿರಲಿಲ್ಲ," ಅಂದೆ.

"ಓಕೆ. ನೆಕ್ಸ್ಟ್?"

"ನಿನ್ನ ಡ್ರೈವಿಂಗ್ ಟೆಸ್ಟಿಗೆ ಜೂನಲ್ಲೇ ಡೇಟ್ ಸಿಗ್ತಿತ್ತು."

ಅವಳು ಮೂರನೆಯ ಬೆರಳು ಮಡಿಸಿದಳು.

"ನೆಕ್ಸ್ಟ್," ಅಂದಳು. ನೋವೈ ಇನ್ನೂ ನಲವತ್ತು ಮೈಲಿ ಇತ್ತು.