ಬೇಸ್‌ಮೆಂಟಿನಲ್ಲಿ ಮಲಗಿದ ಗೊಂಬೆ

ಗೊಂಬೆ ನಿಂತಿರಲಿಲ್ಲ, ಮಲಗಿತ್ತು. ಇಷ್ಟನ್ನು ಹೇಳಬಲ್ಲೆ. ಅದರ ಸೀರೆ ಕೆಂಪು ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಆ ಮನೆಯ ಯಜಮಾನಿ ಹಸಿರು ಎನ್ನುತ್ತಾರೆ. ಅದಕ್ಕೆ ಹೊದಿಸಿದ್ದು ಕರವಸ್ತ್ರವೋ ರವಿಕೆ ಕಣದ ತುಂಡೋ ತಿಳಿಯದು. ನಾನು ಇಳಿದು ಹೋದಾಗ ಬೇಸ್‌ಮೆಂಟಿನಲ್ಲಿ ಬೇರೆ ಯಾರಾದರೂ ಇದ್ದರೇ ಎಂಬುದಂತೂ ನೆನೆಸಿಕೊಂಡಷ್ಟೂ ಬದಲಾಗುತ್ತದೆ. ಒಂದು ನೆನಪಿನಲ್ಲಿ ನಾನೊಬ್ಬನೇ. ಇನ್ನೊಂದರಲ್ಲಿ ಯಾರೋ ಮೆಟ್ಟಿಲು ಹತ್ತಿ ಬರುತ್ತಾರೆ, ದಾರಿ ಬಿಡಲು ನಾನು ಗೋಡೆಗೆ ಒರಗಿಕೊಳ್ಳುತ್ತೇನೆ. ಮುಖ ಮಾತ್ರ ಇಲ್ಲ. ಸಂಖ್ಯಾಶಾಸ್ತ್ರ ಓದಿ, ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಹತ್ತಿರದ ಔಷಧ ಕಂಪನಿಯೊಂದರಲ್ಲಿ ಬೇರೆಯವರ ಪ್ರಯೋಗಗಳನ್ನು ಅನುಮಾನಿಸುವುದನ್ನೇ ಉದ್ಯೋಗ ಮಾಡಿಕೊಂಡವನು ನಾನು. ಇಂಥ ಸಾಕ್ಷ್ಯವನ್ನು ಇನ್ನೊಬ್ಬರು ತಂದಿದ್ದರೆ ಓದಿ ಮುಗಿಸುವ ಮೊದಲೇ ವಾಪಸ್ ಕಳಿಸುತ್ತಿದ್ದೆ.

ಆದರೆ ಆ ಸಂಜೆಯೇ ನಮ್ಮ ಒಕ್ಕೂಟ ಮುರಿದದ್ದು. ಅದರಲ್ಲಿ ಅನುಮಾನವಿಲ್ಲ.

ಕೆಂಡಲ್ ಪಾರ್ಕ್, ಸಮರ್‌ಸೆಟ್ ಸುತ್ತಮುತ್ತಲ ಎಷ್ಟೋ ಟೌನ್‌ಶಿಪ್‌ಗಳ ಹಾಗೆ ನಮ್ಮದರಲ್ಲೂ ಒಂದೇ ಗುಂಪು ಬಹುಕಾಲದಿಂದ ಆಳುತ್ತಿತ್ತು. ಯಾರೂ ಅದನ್ನು ದೂರುತ್ತಿರಲಿಲ್ಲ, ಯಾಕೆಂದರೆ ಯಾರೂ ಅದನ್ನು ಗಮನಿಸಿರಲಿಲ್ಲ. ಹಿಮ ಬಿದ್ದ ಮರುದಿನ ರಸ್ತೆ ಸ್ವಚ್ಛವಾಗಿದ್ದರೆ ಸಾಕು. ಆಮೇಲೆ ಹೊಲಗಳಿದ್ದ ಜಾಗದಲ್ಲೆಲ್ಲ ಕಿಟಕಿಯಿಲ್ಲದ ಬಿಳೀ ಗೋದಾಮುಗಳು ಎದ್ದವು. ಕೊನೆಗೆ ಒಬ್ಬ ಬಿಲ್ಡರ್‌ನ ಕಣ್ಣು ಹೆದ್ದಾರಿ ಪಕ್ಕದ ಹಳೆಯ ಇಟ್ಟಿಗೆ ಅಪಾರ್ಟ್‌ಮೆಂಟುಗಳ ಮೇಲೆ ಬಿತ್ತು. ನಮ್ಮಲ್ಲಿ ಬಹಳ ಜನ ವೀಸಾ ಕಾಗದ ಹಿಡಿದು ಬಂದ ಹೊಸತರಲ್ಲಿ ಬಾಡಿಗೆಗೆ ಇದ್ದದ್ದು ಅಲ್ಲಿಯೇ.

ಆ ವರ್ಷ ಮೂರು ಸಣ್ಣ ಪಕ್ಷಗಳು ಹುಟ್ಟಿದವು. ಪಕ್ಷ ಎಂಬುದು ದೊಡ್ಡ ಮಾತು. ಆಳುವ ಗುಂಪಿನಿಂದ ಮುನಿಸಿಕೊಂಡು ಹೊರಬಂದ ಉದಾರವಾದಿಗಳದ್ದು ಒಂದು. ಅದರ ಮುಖಂಡ ನಿವೃತ್ತ ಇತಿಹಾಸ ಮೇಷ್ಟ್ರು, ಎತ್ತರದ ಬಿಳಿಯ, ಎಲ್ಲರ ಮಾತನ್ನೂ ತಲೆ ಬಾಗಿಸಿ ಕೇಳುತ್ತಿದ್ದವರು. ಬಾಡಿಗೆದಾರರದ್ದು ಇನ್ನೊಂದು, ನೇರವಾಗಿ ಎಡಪಂಥ. ಅದನ್ನು ಕಟ್ಟಿದವನು ಆಂಬುಲೆನ್ಸ್ ಓಡಿಸುವ ಒಬ್ಬ ಯುವಕ. ಮೂರನೆಯದು ನಮ್ಮದು, ಗೋದಾಮು ಬೇಡ ಎನ್ನುವುದನ್ನು ಬಿಟ್ಟರೆ ಬೇರೆ ಸಿದ್ಧಾಂತವಿಲ್ಲದ ಭಾರತೀಯ ಕುಟುಂಬಗಳದ್ದು. ಮೂರೂ ಸೇರಿ ಒಕ್ಕೂಟವಾಯಿತು. ಕೌನ್ಸಿಲ್‌ನಲ್ಲಿ ಖಾಲಿಯಾಗುವ ಮೂರು ಸೀಟಿಗೆ ಪಕ್ಷಕ್ಕೊಬ್ಬರಂತೆ ಮೂವರು ನಿಲ್ಲುವುದು, ಮೂವರ ಹೆಸರೂ ಒಂದೇ ಬೋರ್ಡಿನಲ್ಲಿ ಇರುವುದು, ಗೆದ್ದರೆ ಬಹುಮತ.

ನಮ್ಮ ಕಡೆಯಿಂದ ನಿಂತಾಕೆ ಧಾರವಾಡದವರು, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಆ ಇಟ್ಟಿಗೆ ಕಟ್ಟಡಗಳಲ್ಲೇ ಸಂಸಾರ ಶುರುಮಾಡಿದ್ದವರು; ಈಗ ಅಲ್ಲಿ ಅವರ ತಂಗಿ, ಎರಡು ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಇದ್ದಳು. ಮೂರು ಸೀಟು ಬಂದರೆ ತಂಗಿಯ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಚುನಾವಣೆ ಅಂದರೆ ಆಕೆಗೆ ಇಷ್ಟೇ. ವೇದಿಕೆ ಮೇಲೆ ಬೇರೇನೇ ಹೇಳಿದರೂ ಒಳಗಿದ್ದದ್ದು ಇದು.

ನಾನು ಮತದಾರರ ಪಟ್ಟಿ ನೋಡಿ ಯಾವ ಬೀದಿಗೆ ಯಾವಾಗ ಹೋಗಬೇಕೆಂದು ಲೆಕ್ಕ ಹಾಕುತ್ತಿದ್ದೆ. ಆ ಲೆಕ್ಕ ಉಪಯೋಗಕ್ಕೆ ಬರಲಿಲ್ಲ. ನಮ್ಮ ಜನ ಅಪರಿಚಿತರಿಗೆ ಬಾಗಿಲು ತೆಗೆಯುವುದಿಲ್ಲ. ಬೆಲ್ಲಿನ ಕ್ಯಾಮೆರಾದಲ್ಲಿ ನೋಡಿ ಸುಮ್ಮನಿರುತ್ತಾರೆ. ಬಾಗಿಲುಗಳನ್ನು ತೆರೆಸಿದ್ದು ನವರಾತ್ರಿ. ಗೊಂಬೆ ಕೂರಿಸಿದ ಮನೆಗೆ ಅರಿಶಿನ ಕುಂಕುಮಕ್ಕೆ ಬಂದವರನ್ನು ಯಾರೂ ತಡೆಯುವುದಿಲ್ಲ. ಹೆಂಗಸರು ಮನೆಯಿಂದ ಮನೆಗೆ ಹೋದರು. ತಾಂಬೂಲದ ಚೀಲದಲ್ಲಿ ಎಲೆ, ಅಡಿಕೆ, ಬಾಳೆಹಣ್ಣಿನ ಜೊತೆ ಒಕ್ಕೂಟದ ಕರಪತ್ರವೂ ಹೋಯಿತು. ಮೇಷ್ಟ್ರ ಹೆಂಡತಿ ಕೂಡ ಕುಂಕುಮ ಇಟ್ಟುಕೊಂಡು ಕಡಲೆ ಉಸಲಿ ತಿಂದು ಬಂದರು. ಆ ದಿನಗಳಲ್ಲಿ, ಗೆದ್ದೇಬಿಟ್ಟೆವು ಎಂಬ ನಂಬಿಕೆ ನನಗೂ ಹತ್ತಿತ್ತು. ಮೂರು ಹೆಸರಿನ ಬೋರ್ಡುಗಳು ಹುಲ್ಲುಹಾಸಿನ ಮೇಲೆ ಹ್ಯಾಲೊವೀನ್ ಹಬ್ಬಕ್ಕೆ ನಿಲ್ಲಿಸಿದ ಪ್ಲಾಸ್ಟಿಕ್ ಅಸ್ಥಿಪಂಜರಗಳ ಪಕ್ಕದಲ್ಲಿ ನಿಂತಿದ್ದವು. ಕೆಲವರು ಅಸ್ಥಿಪಂಜರದ ಕೈಗೇ ನಮ್ಮ ಬೋರ್ಡು ಕೊಟ್ಟಿದ್ದರು.

ಗೊಂಬೆಗಳಿಗೆ ಹೆಸರಾದ ಮನೆ ಮೈಸೂರಿನ ದಂಪತಿಗಳದ್ದು. ಬೇಸ್‌ಮೆಂಟಿನ ಒಂದು ಗೋಡೆಯುದ್ದಕ್ಕೂ ಮೆಟ್ಟಿಲು, ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ನೆಲದ ಮೇಲೆ ಆಕೆ ತಮ್ಮ ಕೈಯಾರೆ ಮಾಡಿದ ಒಂದು ದೃಶ್ಯ. ಆ ವರ್ಷ ಆಕೆ ಮಾಡಿದ್ದು ಟೌನ್‌ಶಿಪ್ ಕೌನ್ಸಿಲ್. ಚಪ್ಪಲಿ ಡಬ್ಬಗಳ ವೇದಿಕೆ, ಹಿಂದೆ ಪುಟ್ಟ ಬಾವುಟ, ಮುಂದೆ ಚನ್ನಪಟ್ಟಣದ ಮರದ ಗೊಂಬೆಗಳ ಸಭಿಕರು. ವೇದಿಕೆಯ ಮೇಲೆ ನಮ್ಮ ಮೂವರು: ಹತ್ತಿಯ ಕೂದಲಿನ ಮೇಷ್ಟ್ರು, ಕೆಂಪು ಟೋಪಿಯ ಆಂಬುಲೆನ್ಸ್ ಹುಡುಗ, ಸೀರೆಯುಟ್ಟ ನಮ್ಮ ಅಭ್ಯರ್ಥಿ. ಯಜಮಾನರು ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮೋರು ಮೂರು ಜನ ಸೇರಿದ್ರೆ ನಾಲ್ಕು ಸಂಘ ಆಗುತ್ತೆ. ಇಲ್ಲಿ ನೋಡಿ, ಮೂರು ಸಂಘ ಸೇರಿ ಮೂರೇ ಜನ. ಅದಕ್ಕೇ ಗೊಂಬೆ ಮಾಡಿ ಇಟ್ಟಿರೋದು."

ಆ ಭಾನುವಾರ ಊರಿನ ಪಂಚಾಂಗದ ಪ್ರಕಾರ ಮಹಾನವಮಿ. ಒಕ್ಕೂಟದ ಮೂರೂ ಪಕ್ಷದವರನ್ನು ದಂಪತಿಗಳು ತಡವಾದ ಮಧ್ಯಾಹ್ನದ ಊಟಕ್ಕೆ ಕರೆದಿದ್ದರು. ಅಂಚೆಯ ಮತಪತ್ರಗಳು ಆಗಲೇ ಮನೆಮನೆಗೆ ಹೋಗಿದ್ದವು, ಹೆಸರು ಬದಲಿಸುವ ಕಾಲ ಮುಗಿದಿತ್ತು. ಆದರೂ ಮೇಜಿನ ಸುತ್ತ ಏನೋ ಸರಿಯಿರಲಿಲ್ಲ. ಮೇಷ್ಟ್ರು ಬಿಸಿಬೇಳೆಬಾತನ್ನು ಹೊಗಳಿದ್ದನ್ನೇ ಮತ್ತೆ ಮತ್ತೆ ಹೊಗಳಿದರು. ಆಂಬುಲೆನ್ಸ್ ಹುಡುಗ, ಬಿಲ್ಡರ್‌ನ ಕಾರನ್ನು ಯಾರದ್ದೋ ಮನೆ ಮುಂದೆ ನೋಡಿದೆ ಎಂದು ಯಾರನ್ನೂ ನೋಡದೆ ಹೇಳಿದ. ಯಾರದ್ದು ಎಂದು ಯಾರೂ ಕೇಳಲಿಲ್ಲ.

ಊಟವಾದ ಮೇಲೆ ಗೊಂಬೆಗಳ ಮುಂದೆ ಎಲ್ಲರ ಫೋಟೊ ತೆಗೆಯುವುದೆಂದಾಯಿತು. ದೀಪ ಹಾಕಿ ಬರಲು ನಾನು ಮೊದಲು ಇಳಿದೆ. ಕೂತಲ್ಲಿ ಕೂರಲಾಗದ ಸ್ವಭಾವ ನನ್ನದು. ಇಂಥ ಕೆಲಸಗಳನ್ನು ನಾನೇ ಕೇಳಿ ಪಡೆಯುತ್ತೇನೆ.

ದೀಪ ಹಾಕುವ ಅಗತ್ಯ ಇರಲಿಲ್ಲ. ಸೀರಿಯಲ್ ಸೆಟ್ ಉರಿಯುತ್ತಿತ್ತು. ಮೂಲೆಯಲ್ಲಿ ನೀರೆತ್ತುವ ಪಂಪು ಸದ್ದು ಮಾಡಿ ನಿಂತಿತು, ಅದು ನಿಂತ ಮೇಲೆ ಅಷ್ಟು ಹೊತ್ತೂ ಸದ್ದಿತ್ತು ಎಂದು ತಿಳಿಯಿತು. ವೇದಿಕೆಯ ಮೇಲೆ ಇಬ್ಬರು ನಿಂತಿದ್ದರು. ಸೀರೆಯುಟ್ಟ ಗೊಂಬೆ ಅಂಗಾತ ಮಲಗಿತ್ತು. ಬಿದ್ದದ್ದಲ್ಲ. ತಲೆಯ ಕೆಳಗೆ ಮಡಿಸಿದ ಬಟ್ಟೆ, ಮೈಮೇಲೆ ಕತ್ತಿನವರೆಗೂ ಹೊದಿಕೆ, ಹೊದಿಕೆಯ ಅಂಚು ಎರಡೂ ಕಡೆ ಮೈಯ ಕೆಳಗೆ ಸೇರಿಸಿತ್ತು, ಮಗುವಿಗೆ ಚಳಿಯಾಗದಂತೆ ಮಾಡುತ್ತಾರಲ್ಲ ಹಾಗೆ. ಕಣ್ಣು ಮಾತ್ರ ಬಣ್ಣದಲ್ಲಿ ಬರೆದದ್ದು, ತೆರೆದೇ ಇತ್ತು, ತಾರಸಿ ನೋಡುತ್ತಿತ್ತು.

ಅದನ್ನು ಎತ್ತಿ ನಿಲ್ಲಿಸಬಹುದಿತ್ತು. ಯಾಕೋ ಮುಟ್ಟಲಾಗಲಿಲ್ಲ. ನಂಬಿಕೆಯಿಲ್ಲದವನಿಗೂ ನಿದ್ದೆ ಮಾಡುತ್ತಿರುವುದನ್ನು ಎಬ್ಬಿಸಲು ಸಂಕೋಚವಾಗುತ್ತದೆ. ಅಷ್ಟರಲ್ಲಿ ಉಳಿದವರು ಇಳಿದು ಬಂದರು.

ಮೊದಲು ನೋಡಿದ್ದು ಆಂಬುಲೆನ್ಸ್ ಹುಡುಗ. ಇವರಿಗೇನಾಯಿತು ಎಂದು ನಗುತ್ತಲೇ ಕೇಳಿದ. ಯಜಮಾನಿ ನೋಡಿ ಬೆಚ್ಚಿದರು. "ಅಯ್ಯೋ, ಇದನ್ನ ಯಾರ್ರೀ ಮಲಗಿಸಿದ್ದು? ನಾಳೆ ಅಲ್ವಾ ದಶಮಿ?" ಅಂದರು. ಆಗ ಯಜಮಾನರು ಮಾಡಬಾರದ ಕೆಲಸ ಮಾಡಿದರು. ಅತಿಥಿಗಳಿಗೆ ನಮ್ಮ ಪದ್ಧತಿಗಳನ್ನು ವಿವರಿಸುವುದು ಅವರ ಚಟ. ಹಬ್ಬದ ಕೊನೆಗೆ, ವಿಜಯದಶಮಿಯ ದಿನ ಒಂದು ಗೊಂಬೆಯನ್ನು ಮಲಗಿಸುತ್ತೇವೆ, ಅಲ್ಲಿಗೆ ಆಟ ಮುಗಿಯಿತು, ಮರುದಿನ ಎಲ್ಲವನ್ನೂ ಪೆಟ್ಟಿಗೆಗೆ ತುಂಬುತ್ತೇವೆ ಎಂದು ಚೊಕ್ಕ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು.

ಮೇಷ್ಟ್ರ ಮುಖ ಬೆಳ್ಳಗಾದದ್ದನ್ನು ನಾನು ನೋಡಿದೆ, ಅಥವಾ ಆಮೇಲೆ ನಡೆದದ್ದರಿಂದ ಹಾಗೆ ನೋಡಿದೆ ಅಂದುಕೊಂಡಿದ್ದೇನೆ. ಅವರು ನಮ್ಮ ಅಭ್ಯರ್ಥಿಯ ಕಡೆ ತಿರುಗಿ, ಹಾಗಾದರೆ ನಿಮಗೆ ಗೊತ್ತಾಗಿದೆ ಎಂದರು, ಬಹಳ ಮೆತ್ತಗೆ. ಇದನ್ನು ನಾನೇ ಹೇಳಬೇಕೆಂದು ಬಂದಿದ್ದೆ, ಇಷ್ಟು ಸಭ್ಯವಾಗಿ ತಿಳಿಸಿದ್ದಕ್ಕೆ ವಂದನೆ ಎಂದರು.

ಆಕೆಗೆ ಏನೂ ಗೊತ್ತಿರಲಿಲ್ಲ. ಕೇಳಿದಾಗ ಒಂದೊಂದೇ ಹೊರಬಂತು. ಆಳುವ ಗುಂಪು ಮೇಷ್ಟ್ರ ಪಕ್ಷವನ್ನು ವಾಪಸ್ ಕರೆದಿತ್ತು. ಆಕೆಯನ್ನೂ ಬಾಡಿಗೆದಾರರನ್ನೂ ಕೈಬಿಟ್ಟರೆ ಅವರ ಒಂದು ಸೀಟಿಗೆ ಬೆಂಬಲ, ಗೋದಾಮು ಸ್ವಲ್ಪ ಚಿಕ್ಕದು. ಮೇಷ್ಟ್ರು ಒಪ್ಪಿಕೊಂಡಿದ್ದರು. ನಾವೂ ಗುಟ್ಟಾಗಿ ಒಪ್ಪಿ, ಆ ಗೊಂಬೆಯ ಮೂಲಕ ಅದನ್ನು ಹೇಳುತ್ತಿದ್ದೇವೆ ಎಂದು ಭಾವಿಸಿದ್ದರು. ಆಂಬುಲೆನ್ಸ್ ಹುಡುಗನೂ ಹಾಗೇ ಭಾವಿಸಿದ. ನೀವೆಲ್ಲ ಮೊದಲೇ ಮಾತಾಡಿಕೊಂಡಿದ್ದೀರಿ, ನಿಮ್ಮಾಕೆಯನ್ನು ನೀವೇ ಮಲಗಿಸಿದ್ದೀರಿ ಎಂದ. ಚಪ್ಪಲಿ ಹಾಕಿಕೊಳ್ಳುವಾಗ ತಾಂಬೂಲದ ಚೀಲವನ್ನು ಬಾಗಿಲ ಬಳಿ ಇಟ್ಟು ಹೋದ. ಹೊರಗೆ ಇನ್ನೂ ಬೆಳಕಿತ್ತು. ಮೇಷ್ಟ್ರು ಕೈ ಮುಗಿದು ಹೋದರು, ನಾವೇ ಕಲಿಸಿದ ಹಾಗೆ.

ನಾನು ಮತ್ತೆ ಬೇಸ್‌ಮೆಂಟಿಗೆ ಇಳಿದಾಗ ನಮ್ಮ ಅಭ್ಯರ್ಥಿ ಮೆಟ್ಟಿಲ ಮೇಲೆ ಕೂತು ಆ ಗೊಂಬೆಯನ್ನೇ ನೋಡುತ್ತಿದ್ದರು.

ಮರುದಿನದಿಂದ ಬೋರ್ಡುಗಳು ಬದಲಾದವು. ಕೆಲವು ಬೀದಿಗಳಲ್ಲಿ ಆಕೆಯ ಹೆಸರಿನ ಮೇಲೆ ಕಪ್ಪು ಟೇಪು, ಕೆಲವು ಕಡೆ ಮೇಷ್ಟ್ರ ಹೆಸರಿನ ಮೇಲೆ. ನಮ್ಮ ಬೀದಿಯಲ್ಲಿ ಮೂರಕ್ಕೂ ಟೇಪು ಹಚ್ಚಿದ ಒಂದು ಬೋರ್ಡಿತ್ತು. ಅಸ್ಥಿಪಂಜರವೊಂದು ಅದನ್ನು ಹಿಡಿದುಕೊಂಡೇ ನಿಂತಿತ್ತು. ಮತಪತ್ರದಲ್ಲಿ ಮಾತ್ರ ಮೂರು ಹೆಸರೂ ಒಟ್ಟಿಗೇ ಇದ್ದವು. ಮೂವರೂ ಸೋತರು. ಮೇಷ್ಟ್ರಿಗೆ ಮಾತು ಕೊಟ್ಟವರು ಅದನ್ನು ಮರೆತರು.

ಚಳಿಗಾಲದಲ್ಲಿ ನಮ್ಮ ಅಭ್ಯರ್ಥಿಯ ತಂಗಿ ಮನೆ ಖಾಲಿ ಮಾಡುವ ದಿನ ಸಾಮಾನು ಎತ್ತಲು ನಾನೂ ಹೋದೆ. ಆ ಹೊತ್ತಿಗೆ ಅರ್ಧ ಕಟ್ಟಡಕ್ಕೆ ಪ್ಲೈವುಡ್ ಹೊಡೆದಾಗಿತ್ತು. ಪಾರ್ಕಿಂಗ್ ಲಾಟಿನಲ್ಲಿ ಬಿಚ್ಚಿ ಕಟ್ಟಿದ ಒಂದು ತೊಟ್ಟಿಲನ್ನು ವ್ಯಾನಿಗೆ ತುಂಬುತ್ತಿದ್ದಾಗ ಧಾರವಾಡದಾಕೆ ಕೇಳಿದರು.

"ಖರೆ ಹೇಳ್ರಿ. ಮೊದಲ ಇಳದವ್ರು ನೀವ. ಅದನ್ನ ನೀವ ಮಲಗಿಸಿದ್ರೇನು?"

ಇಲ್ಲ ಎಂದೆ. ನನಗೆ ಇಷ್ಟು ಖಚಿತವಾಗಿ ಮಾತಾಡಿ ಅಭ್ಯಾಸವಿಲ್ಲ, ಆಕೆಗೂ ಅದು ಗೊತ್ತು.

"ಸೋತದ್ದಕ್ಕ ನನಗೇನ ಅನಸೂದಿಲ್ಲ," ಅಂದರು. "ಮೇಷ್ಟ್ರು ಕೈ ಕೊಟ್ರು, ಕೊಡ್ಲಿ. ನಮ್ಮವ್ರ ಒಳಗ ಯಾರೋ ನನ್ನ ಬ್ಯಾಡ ಅಂದ್ರೋ ಏನು? ಅದೊಂದ ಗೊತ್ತಾಗಬೇಕ್ರಿ. ನಾಳೆ ಇವರ ಮನೀಗೇ ನಾ ಊಟಕ್ಕ ಹೋಗಬೇಕಲ್ಲ."

ಅದಕ್ಕಾಗಿಯೇ ನಾನು ಒಂದು ಮಧ್ಯಾಹ್ನ ಮೈಸೂರಿನವರ ಮನೆಗೆ ಹೋದೆ. ಯಜಮಾನಿ ಕಾಫಿ ಕೊಟ್ಟು, ತಾನೂ ಮುಟ್ಟಲಿಲ್ಲ, ತನ್ನ ಗಂಡನೂ ಮುಟ್ಟಲಿಲ್ಲ, ಊಟದ ಹೊತ್ತಿನಲ್ಲಿ ಯಾರೂ ಕೆಳಗೆ ಹೋದದ್ದನ್ನು ನೋಡಲಿಲ್ಲ ಎಂದರು. ಆಮೇಲೆ, "ನೀವು ನಗ್ತೀರಿ," ಅಂದರು. "ಹೊದಿಸಿ ಮಲಗಿಸೋದು ನಮ್ಮತ್ತೆ ಒಬ್ಬರೇ. ನಾವೆಲ್ಲ ಸುಮ್ನೆ ಅಡ್ಡ ಇಟ್ಟುಬಿಡ್ತೀವಿ. ಅವರು ಹೋಗಿ ವರ್ಷಾಬ್ದಿಕ ಆಗೋವರೆಗೂ ನಾವು ಗೊಂಬೆ ಕೂರಿಸಿರಲಿಲ್ಲ. ಮತ್ತೆ ಕೂರಿಸಿದ್ದು ಈ ಸಲಾನೇ."

ನಾನು ನಗಲಿಲ್ಲ. ಬೇರೆ ಏನಾದರೂ ನೆನಪಿದೆಯೇ ಎಂದಷ್ಟೇ ಕೇಳಿದೆ.

"ಒಂದು ಜಗಳ ಇತ್ತು ನಮಗೂ ಅವರಿಗೂ. ನಾವು ಊರಿನ ಕ್ಯಾಲೆಂಡರ್ ನೋಡಿ ಹಬ್ಬ ಮಾಡ್ತೀವಿ. ಅವರು ಬಯ್ಯೋರು. ಇರೋದು ಇಲ್ಲಿ, ತಿಥಿ ಮಾತ್ರ ಅಲ್ಲೀದಾ ಅಂತ."

ಮೆಟ್ಟಿಲ ಮೇಲೆ ನಾನು ಯಾರಿಗೆ ದಾರಿ ಬಿಟ್ಟೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ, ಬಿಟ್ಟದ್ದೇ ಸುಳ್ಳಿರಬಹುದು. ಆ ಕೈ ಯಾರದ್ದೆಂದು ಧಾರವಾಡದಾಕೆಗೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಪರಿಶೀಲಿಸಲು ಸಾಧ್ಯವಿದ್ದದ್ದು ಒಂದೇ, ತಿಥಿ. ಅಮೆರಿಕದ ಪೂರ್ವ ಕರಾವಳಿಯ ಸಮಯಕ್ಕೆ ಗಣಿಸಿದ ಎರಡು ಬೇರೆ ಬೇರೆ ಪಂಚಾಂಗ ತೆರೆದು ನೋಡಿದೆ, ನಂಬಿಕೆ ಸಾಲದೆ ದೇವಸ್ಥಾನದ ಅರ್ಚಕರನ್ನೂ ಕೇಳಿದೆ, ಮತ್ತು ತಿಳಿದದ್ದನ್ನು ಆಕೆಗೆ ಫೋನಿನಲ್ಲಿ ಹೇಳಿದೆ: ಆ ಭಾನುವಾರ ನಾವು ಮೇಲೆ ಊಟಕ್ಕೆ ಕೂತಿದ್ದಾಗಲೇ ನ್ಯೂಜೆರ್ಸಿಯಲ್ಲಿ ನವಮಿ ಮುಗಿದು ದಶಮಿ ಹಿಡಿದಿತ್ತು.