ಮೀನಿಗೆ ತಂದ ಗೆಂಡೆಹಳ್ಳಿ ನೀರು

ನಮ್ಮದು ಅರಸೀಕೆರೆಯ ಕೊಬ್ಬರಿ ವ್ಯಾಪಾರದ ಮನೆ. ಕೊರಳಲ್ಲಿ ಲಿಂಗ ಕಟ್ಟಿದವರು, ಕೋಳಿಮೊಟ್ಟೆ ಕೂಡ ಹೊಸಿಲು ದಾಟಿ ಬಂದದ್ದಿಲ್ಲ. ಅಂಥ ಮನೆಗೆ ನಾನು ಅಮೆಜಾನ್ ಸೀಮೆಯ ಹೊಳೆಯಲ್ಲಿ ಹಿಡಿದ ಒಂದು ಜೋಡಿ ಮೀನು ತಂದೆ. ಕುಳ್ಳ ಸಿಕ್ಲಿಡ್ ಎನ್ನುತ್ತಾರೆ, ಕಿರುಬೆರಳಿಗಿಂತ ಸಣ್ಣವು. ಯಾರದೋ ತೊಟ್ಟಿಯಲ್ಲಿ ಹುಟ್ಟಿದವಲ್ಲ, ಕಾಡಿನ ಹೊಳೆಯವು ಎನ್ನುವುದೇ ನನ್ನ ಜಂಬ. ನನ್ನ ಹೆಂಡತಿ ಬಂದವರ ಮುಂದೆಲ್ಲ, "ಶಿವಪೂಜೇಲಿ ಕರಡಿ ಬಿಟ್ಟಂಗೆ ನಮ್ಮನೇಲಿ ಮೀನು ಬಿಟ್ಟವ್ರೆ" ಎಂದು ದೂರುತ್ತಿದ್ದಳು. ದೂರುತ್ತಲೇ ಗಾಜಿನ ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡಳು.

ಅವಳಿಗೆ ಬೇರೆ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ವಾರಕ್ಕೆರಡು ಸಲ ಹಾಸನಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ಕುಡಿಯಬಾರದು ಎಂದಿದ್ದರು ಡಾಕ್ಟರು. ಬೆಳಿಗ್ಗೆ ಒಂದು ಬಾಟಲಿಗೆ ಅಳೆದು ತುಂಬಿಡುವುದು ನನ್ನ ಕೆಲಸ. ನಾನು ಮಾತಿಗೆ ತಪ್ಪುವವನಲ್ಲ, ಅಳತೆಗಂತೂ ತಪ್ಪುವವನೇ ಅಲ್ಲ. ಬಾಯಿ ಒಣಗುತ್ತದೆ ಎಂದು ಅತ್ತರೆ ಮುಕ್ಕಳಿಸಿ ಉಗಿಯಲು ಹೇಳುತ್ತಿದ್ದೆ. ಉಗಿದಳೋ ಇಲ್ಲವೋ ಎಂದು ನಿಂತು ನೋಡುತ್ತಿದ್ದೆ, ಆ ಕೆಟ್ಟ ಬುದ್ಧಿಯೂ ಇತ್ತು.

ಮೀನು ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಅರಿಶಿನ ಬಳಿದುಕೊಂಡ ಹಾಗೆ ಹಳದಿಯಾಗುತ್ತದೆ. ಅವುಗಳಿಗೆ ಗುಹೆ ಬೇಕು. ಕೊಬ್ಬರಿ ಮನೆಯಲ್ಲಿ ಕರಟಕ್ಕೇನು ಬರ? ಗೋಡೌನಿನಿಂದ ಒಂದು ತಂದು ಬೋರಲು ಹಾಕಿದೆ. ಮಾರನೆಯ ದಿನ ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು. "ಒಗ್ಗರಣೆ ಒಂದು ಬಾಕಿ" ಎಂದು ಹೆಂಡತಿ ನಕ್ಕಳು. ಆಮೇಲೆ ಕರಟವನ್ನು ಮೂರು ಸಲ ಕುದಿಸಿ ಹಾಕಿದೆ.

ಮೊಟ್ಟೆಯೇನೋ ಇಟ್ಟವು, ಮರಿ ಮಾತ್ರ ಆಗಲಿಲ್ಲ. ನಮ್ಮ ನಲ್ಲಿಯಲ್ಲಿ ಬರುವುದು ಗಡಸು ನೀರು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಪಾತ್ರೆಯ ತಳಕ್ಕೆ ಸುಣ್ಣ ಕಟ್ಟುತ್ತದೆ. ಆ ನೀರಿನಲ್ಲಿ ಮೀನು ಹೇಗೋ ಬದುಕಿದವು, ಮೊಟ್ಟೆಗಳು ಮಾತ್ರ ಎರಡೇ ದಿನಕ್ಕೆ ಬಿಳಿಚಿಕೊಂಡು ಬೂಷ್ಟು ಹಿಡಿದವು. ಮೂರು ಸಲ ಹೀಗಾಯಿತು. ಮೂರು ಸಲವೂ ತಾಯಿ ಮೀನು ಖಾಲಿ ಕರಟವನ್ನು ಕಾದುಕೊಂಡಿತು. ಅದನ್ನು ನೋಡಿ ನನ್ನ ಹೆಂಡತಿಯೇ ಒಂದು ದಿನ ಹೇಳಿದಳು: "ನಮ್ಮೂರ ಬಾವಿ ನೀರು ತಂದು ಹಾಕ್ರೀ. ಮೆತ್ತಗೈತೆ. ಬೇಳೆ ಹೂವಿನಂಗೆ ಬೇಯ್ತದೆ."

ಅವಳ ತವರು ಗೆಂಡೆಹಳ್ಳಿ. ಒಂದು ಭಾನುವಾರ ಹೋಗಿ ಎರಡು ದೊಡ್ಡ ಕ್ಯಾನ್ ತುಂಬಿಸಿಕೊಂಡು ಬಂದೆ. ನೀರಿನ ಗಡಸು ನೋಡುವ ಔಷಧಿಯನ್ನು ಹನಿ ಹನಿಯಾಗಿ ಬಿಟ್ಟೆ. ನಮ್ಮ ನೀರು ಬಣ್ಣ ತಿರುಗಲು ಬೇಕಿದ್ದಷ್ಟು ಹನಿಗಳಲ್ಲಿ ಕಾಲು ಭಾಗವೂ ಬೇಕಾಗಲಿಲ್ಲ, ಅಷ್ಟು ಮೆತ್ತಗಿನ ನೀರು. ಖುಷಿಯಲ್ಲಿ ಕೂಗಿದೆ. ಅವಳು ಕುರ್ಚಿಯಿಂದಲೇ ಕ್ಯಾನನ್ನು ಮುಟ್ಟಿ ನೋಡಿದಳು.

"ನಂಗೊಂದು ಲೋಟ ಕೊಡ್ರೀ."

ಅವತ್ತಿನ ಬಾಟಲಿ ಆಗಲೇ ಖಾಲಿಯಾಗಿತ್ತು.

"ನಾಳೆ ಆಸ್ಪತ್ರೆಯಿಂದ ಬಂದ್ಮೇಲೆ ಕೊಡ್ತೀನಿ ಕಣೇ."

"ಮೀನಿಗೆ ಎರಡು ಕ್ಯಾನು, ನಂಗೆ ಒಂದು ಲೋಟ ಇಲ್ಲ. ಆಗ್ಲಿ ಬಿಡಿ." ಸಿಟ್ಟಿನಿಂದಲ್ಲ, ತಮಾಷೆಗೇ ಅಂದಳು. ನಾನು ಸಣ್ಣ ಕೊಳವೆಯಲ್ಲಿ ಸಂಜೆಯವರೆಗೂ ಆ ನೀರನ್ನು ತೊಟ್ಟಿಗೆ ಇಳಿಸಿದೆ. ಎರಡೂ ಕ್ಯಾನ್ ಬರಿದಾದವು. ನಾಳೆಗೆಂದು ಒಂದು ಲೋಟ ಎತ್ತಿಡಬೇಕು ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಆ ನೀರಿನಲ್ಲಿ ಮರಿಯಾದವು. ಅದನ್ನು ಈಗಲೇ ಹೇಳಿ ಮುಗಿಸುತ್ತೇನೆ. ಒಂದು ಮೊಟ್ಟೆಯೂ ಬೆಳ್ಳಗಾಗಲಿಲ್ಲ. ಸಾಸಿವೆಗಿಂತ ಸಣ್ಣ ಮರಿಗಳನ್ನು ಹಿಂದೆ ಹಾಕಿಕೊಂಡು ತಾಯಿ ತೊಟ್ಟಿಯೆಲ್ಲ ತಿರುಗಿತು. ಮೀನು ಸಾಕುವವರು ಈಗಲೂ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ. ಬಾವಿ ನೀರು ಎಂದಷ್ಟೇ ಹೇಳುತ್ತೇನೆ. ಮರಿಯಾಗುವ ಹೊತ್ತಿಗೆ ತೊಟ್ಟಿಯ ಮುಂದಿನ ಕುರ್ಚಿ ಖಾಲಿಯಾಗಿತ್ತು.

ನೀರು ತಂದ ಮಾರನೆಯ ದಿನ, ಸೋಮವಾರ ಹಾಸನದಲ್ಲಿ, ಮಷಿನ್ ಹಾಕಿದ ಅರ್ಧ ಗಂಟೆಗೆ ಅವಳ ಹೃದಯ ನಿಂತುಹೋಯಿತು. ನಿನ್ನೆ ಒಂದು ಲೋಟ ನೀರು ಹೆಚ್ಚಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಿದೆ. ಅವರು ನನ್ನ ಮುಖ ನೋಡಿ, "ಒಂದು ಲೋಟದಿಂದ ಏನೂ ಆಗ್ತಿರಲಿಲ್ಲ ಸರ್" ಎಂದರು. ನಾನು ಕೊಟ್ಟೇಬಿಟ್ಟಿದ್ದೇನೆ ಎಂದುಕೊಂಡು, ನನ್ನ ತಪ್ಪೇನಿಲ್ಲ ಎಂದು ಸಮಾಧಾನ ಮಾಡಲು ಹೇಳಿದ ಮಾತು ಅದು, ಪಾಪ.

ಮನೆಗೆ ತಂದು ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದರು. ವಿಭೂತಿ ಹಚ್ಚಿದ ಮೇಲೆ ಅಯ್ಯನವರು ಬಾಯಿಗೆ ತೀರ್ಥ ಬಿಡಲು ನನ್ನನ್ನು ಕರೆದರು. ತಂಬಿಗೆಯಲ್ಲಿದ್ದದ್ದು ನಮ್ಮ ನಲ್ಲಿಯ ನೀರೇ. ಒಂದು ಚಮಚ ಬಿಟ್ಟೆ. ಎರಡನೆಯದಕ್ಕೆ ಕೈ ತಾನಾಗಿ ನಿಂತಿತು, ಎಷ್ಟಾಯಿತು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು.

"ಬಿಡಿ ಯಜಮಾನ್ರೇ, ಇನ್ನೂ ಬಿಡಿ" ಎಂದರು ಅಯ್ಯನವರು.

ಚಮಚ ಕೆಳಗಿಟ್ಟು ತಂಬಿಗೆಯನ್ನೇ ಅವಳ ತುಟಿಗೆ ಹಿಡಿದು ಬಗ್ಗಿಸಿದೆ. ಒಂದು ಹನಿಯೂ ಒಳಗೆ ಹೋಗಲಿಲ್ಲ. ಗದ್ದದ ಮೇಲಿಂದ ಇಳಿದು ಅವಳ ಸೀರೆಯೆಲ್ಲ ಒದ್ದೆಯಾಯಿತು.